ಬೆಸುಗೆಗೆ ಮಾತ್ರ ಗ್ಯಾರಂಟಿ

ಮನುಷ್ಯರ ಎಲುಬು ಅಲ್ಯೂಮಿನಿಯಂ ಆಗಿ ಮೂರು ತಲೆಮಾರು ಕಳೆದಿದ್ದವು. ಅಂಗಡಿಯವರ ಗ್ಯಾರಂಟಿ ಮಾತ್ರ ಹಳೆಯ ಕಾಲದ್ದೇ ಆಗಿ ಉಳಿದಿತ್ತು. ರೊಟ್ಟಿ ಬಡಿಯುವ ಕಸ್ತೂರೆವ್ವ ಬೆಸುಗೆ ಹಾಕಿಸಿದ ಮೇಲೂ ಮೂರನೇ ಸಲ ಮುರಿದ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುರುಶಿದ್ಧನ ಬೆಸುಗೆ ಅಂಗಡಿಗೆ ಬಂದಳು. ನಾಳೆ ಮದುವೆಮನೆಗೆ ಐನೂರು ರೊಟ್ಟಿ ಬಡಿಯದಿದ್ದರೆ ಅವಳ ಕೆಲಸ ಯಂತ್ರದ ಪಾಲಾಗುತ್ತಿತ್ತು.

ಗುರುಶಿದ್ಧ ಕನ್ನಡಕ ಏರಿಸಿ ನೋಡಿದ. "ನನ್ನ ಬೆಸುಗಿ ಗಟ್ಟಿ ಐತಿ ಬೇ. ಮುರದದ್ದು ಅದರ ಬಾಜೂಕ. ಅದಕ್ಕ ಗ್ಯಾರಂಟಿ ಇಲ್ಲ."

"ಮೂರೂ ಸಲ ಬಾಜೂಕನ ಮುರೀತಲ್ಲೋ! ನನ್ನ ಎಲುಬಿಗೆ ನಿನ್ನ ಬೆಸುಗಿ ಮ್ಯಾಲ ಅಷ್ಟ್ಯಾಕೋ ಮರ್ಯಾದಿ?"

ಅವನು ಗಿರಗಿರ ತಿರುಗುವ ಕಡ್ಡಿಯನ್ನು ಎಲುಬಿಗೆ ಇಳಿಸಿದ. ಲೋಹ ಕರಗದೆ, ನಾದಿದ ಹಿಟ್ಟಿನಂತೆ ಮೆತ್ತಗಾಗಿ ಬೆರೆಯತೊಡಗಿತು. ಅಷ್ಟರಲ್ಲಿ ಫೋನು ಬಂತು. ಎಂದಿನಂತೆ ಅವನು ಕಡ್ಡಿಯನ್ನು ಅಲ್ಲೇ ತಿರುಗಲು ಬಿಟ್ಟು ಬೀಗರ ಕ್ಷೇಮ ವಿಚಾರಿಸತೊಡಗಿದ. ಬೆಸುಗೆಯ ಆಚೀಚೆಯ ಎಲುಬೆಲ್ಲ ಬಿಸಿಯೇರಿ ಬಲಗುಂದತೊಡಗಿತು.

ಕಸ್ತೂರೆವ್ವ ಎಡಗೈಯಿಂದ ಫೋನು ಕಸಿದುಕೊಂಡಳು. "ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ನಾ ಹಿಂಗ ಹರಟಿ ಹೊಡದ್ರ ನೀ ತಿಂತಿಯೇನು? ಕಡ್ಡಿ ಮುಂದ ಸರಸು!"

ಅವನು ಸರಿಸಿದ. ಮರುದಿನ ಐನೂರು ರೊಟ್ಟಿ ಮುಗಿದರೂ ಕೈ ಮುರಿಯಲಿಲ್ಲ. ಗುರುಶಿದ್ಧ ಅಂಗಡಿಗೆ ಹೊಸ ಬೋರ್ಡು ಹಾಕಿದ: "ಇನ್ನು ಬಾಜೂಕೂ ಗ್ಯಾರಂಟಿ. ನಡುವೆ ಫೋನು ಬಂದರೆ ಗಿರಾಕಿಯೇ ಎತ್ತತಕ್ಕದ್ದು."