ತಮಟೆ ಬಾಯಿ ಬಿಟ್ಟಿತು

ಹೊಸ ತಮಟೆಗೆ ನಾಳೆ ಜೀವ ತುಂಬುತ್ತಾರೆ ಎಂದು ಕೇಳಿದಾಗಿನಿಂದ ದೊಂಡುಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತಮಟೆಗೆ ಬಿಗಿದದ್ದು ಅವನು ತಂದುಕೊಟ್ಟ ಗಂಡು ಕಡವೆಯ ಚರ್ಮ. ಜೀವ ತುಂಬುವ ದಿನ ಆ ಕಡವೆ ಬಿಡಾರದ ಪೂಜಾರಿಣಿ ಉರುಲಾ ಅಜ್ಜಿಯ ಮೈಮೇಲೆ ಬಂದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಯಾವ ಗುಡ್ಡದಲ್ಲಿ ಹುಟ್ಟಿದೆ, ಯಾವ ಹೊಳೆಯ ನೀರು ಕುಡಿದೆ, ಕೊನೆಗೆ ಯಾರ ಗುಂಡೇಟಿಗೆ ಬಿದ್ದೆ, ಎಲ್ಲವನ್ನೂ. ತುವಾ ನಾಡಿನ ಮಲೆಗಳಲ್ಲಿ ಇದು ತಲೆತಲಾಂತರದ ಪದ್ಧತಿ. ದೊಂಡುಕ ಹೆದರಿದ್ದು ಆ ಕೊನೆಯ ಮಾತಿಗೆ.

ಯಾಕೆಂದರೆ ಕಡವೆಯನ್ನು ಹೊಡೆದದ್ದು ಅವನಲ್ಲ, ಅವನ ಹೆಂಡತಿ ಸೆಂದೆನ್ಮಾ. ಬೇಟೆಗೆಂದು ಹೋದವನು ಮರದ ಬುಡದಲ್ಲಿ ನಿದ್ದೆ ಹೋಗಿದ್ದ. ಬುತ್ತಿ ತಂದವಳು ನೋಡುತ್ತಾಳೆ, ಗಂಡನ ತಲೆಯ ಹತ್ತಿರವೇ ಕಡವೆ ಕೊಂಬು ತಗ್ಗಿಸಿ ನಿಂತಿದೆ. ಬುತ್ತಿ ಕೆಳಗಿಟ್ಟು, ಅವನ ಮಗ್ಗುಲಿನ ಬಂದೂಕು ಎತ್ತಿ ಹೊಡೆದೇಬಿಟ್ಟಳು. ಬಿಡಾರ ಮುಟ್ಟುವಷ್ಟರಲ್ಲಿ ಕಥೆ ಬೇರೆಯೇ ಆಗಿತ್ತು. ಗುಡ್ಡ ಹತ್ತಿ ಗುಡ್ಡ ಇಳಿದು, ಹೊಟ್ಟೆಯ ಮೇಲೆ ತೆವಳಿ, ಒಂದೇ ಗುಂಡಿಗೆ ಕೆಡವಿದ ದೊಂಡುಕನ ಸಾಹಸ ಕೇಳಿ ಎಲ್ಲರೂ ಬಾಯಿ ಚಪ್ಪರಿಸಿದರು. ಚಪ್ಪರಿಸಿದ್ದು ಕಥೆಗೋ ಬೆಂದ ಮಾಂಸಕ್ಕೋ ಹೇಳುವುದು ಕಷ್ಟ. ಸೆಂದೆನ್ಮಾ ತುಟಿ ಪಿಟಕ್ಕೆನ್ನಲಿಲ್ಲ. ಬೇಟೆಯ ಮುಂದಾಳು ಸೆದಿಪ್ ತಾತನಂತೂ, ತನಗಿನ್ನು ಕಣ್ಣು ಮಂಜು, ತಮಟೆಯ ಹಬ್ಬ ಮುಗಿಯುತ್ತಲೇ ಮುಂದಾಳುತನವನ್ನು ದೊಂಡುಕನಿಗೆ ವಹಿಸಿಬಿಡುತ್ತೇನೆ ಎಂದಿದ್ದ. ದೊಂಡುಕನ ವಂಶದಲ್ಲಿ ಯಾರೂ ಕಾಣದ ಪದವಿ ಅದು.

ಅವನು ಇಟ್ಟಿಗೆಯಂತೆ ಒತ್ತಿದ ಒಂದು ಅಚ್ಚು ಚಹಾಸೊಪ್ಪು, ಒಂದು ಕೊಬ್ಬಿದ ಕುರಿಬಾಲ ಕಾಣಿಕೆ ಹಿಡಿದು ಉರುಲಾ ಅಜ್ಜಿಯ ಗುಡಾರಕ್ಕೆ ಹೋದ. ಅಜ್ಜಿ ತಮಟೆಯ ಒಳಗಿನ ಅಡ್ಡಕೋಲಿಗೆ ಕಬ್ಬಿಣದ ಗೆಜ್ಜೆ ಕಟ್ಟುತ್ತಿದ್ದಳು. ಇವನು ಹವೆ, ಹುಲ್ಲು, ದನಕರು ಎಂದು ಊರೆಲ್ಲ ಸುತ್ತಿ ಕೊನೆಗೆ ವಿಷಯಕ್ಕೆ ಬಂದ.

"ಪಾಪ, ಕಾಡುಪ್ರಾಣಿ ಅಜ್ಜಿ. ಗುಂಡು ಯಾವ ಕಡೆಯಿಂದ ಬಂತು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ತಡವರಿಸಿದ್ರೆ ನೀನೇ ನನ್ನ ಹೆಸರು ಸೇರಿಸಿಬಿಡು."

ಅಜ್ಜಿ ತಲೆ ಎತ್ತಲಿಲ್ಲ. "ಈ ತಮಟೆ ಇನ್ಮೇಲೆ ನನ್ನ ಕುದುರೆ ಕಣೋ. ಇದರ ಮೇಲೆ ಕೂತು ನಾನು ಮೇಲಿನ ಲೋಕಕ್ಕೆ ಹೋಗಿ ಬರ್ಬೇಕು. ಸುಳ್ಳು ಹೇಳಿಸಿದ್ರೆ ಮುನಿಸ್ಕೊಂಡು ಅರ್ಧ ಆಕಾಶದಲ್ಲಿ ಕೆಡವುತ್ತೆ. ಆಗ ನೀನು ಬಂದು ಎತ್ತುತ್ತೀಯಾ?"

ದೊಂಡುಕ ಗುಡಾರದ ಹೊಗೆಕಿಂಡಿಯಿಂದ ಆಕಾಶ ನೋಡಿದ. ಬಹಳ ಎತ್ತರವಿತ್ತು. ತಂದದ್ದನ್ನು ಮಾತ್ರ ಅಜ್ಜಿ ಹಿಂದಕ್ಕೆ ಕೊಡಲಿಲ್ಲ.

ಮರುದಿನ ಅಜ್ಜಿಯ ಗುಡಾರದಲ್ಲಿ ಇಡೀ ಬಿಡಾರ ನೆರೆಯಿತು. ಹೊಸ ತಮಟೆಯೆಂದರೆ ಪಳಗದ ಕುದುರೆ, ಅದನ್ನು ಮೊದಲು ಊರವರೆಲ್ಲ ಬಾರಿಸಿ ಪಳಗಿಸಬೇಕು. ಮಕ್ಕಳು ಬಾರಿಸಿದರು, ಮುದುಕಿಯರು ಬಾರಿಸಿದರು. ತನ್ನ ಸರದಿ ಬಂದಾಗ ದೊಂಡುಕ, ಹರಿದರೆ ಹರಿಯಲಿ ಪೀಡೆ ಎಂದು ತೋಳಿನಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದ. ಹದ ಮಾಡಿದ್ದು ಸೆಂದೆನ್ಮಾ, ಚರ್ಮ ಜಗ್ಗಲಿಲ್ಲ. ಆಮೇಲೆ ಉರುಲಾ ಅಜ್ಜಿ ತಮಟೆಯನ್ನು ಬೆಂಕಿಗೆ ಕಾಯಿಸಿ, ಸೊಪ್ಪಿನ ಹೊಗೆ ತೋರಿಸಿ, ಕಣ್ಣು ಮುಚ್ಚಿ ಬಾರಿಸತೊಡಗಿದಳು. ನೋಡನೋಡುತ್ತ ಅವಳ ದನಿ ಗಡಸಾಯಿತು.

ಕಡವೆ ಹುಟ್ಟಿದ್ದನ್ನು ಹೇಳಿತು, ತಾಯಿಯನ್ನು ತೋಳ ತಿಂದದ್ದನ್ನು ಹೇಳಿತು. ಹೆಂಗಸರು ಕಣ್ಣೊರೆಸಿಕೊಂಡರು. ಕೊಂಬು ಬಲಿತು ಗುಡ್ಡದ ಒಡೆಯನಾದದ್ದಕ್ಕೆ ಗಂಡಸರು ತಲೆದೂಗಿದರು.

"ಬೆದೆಗಾಲ ಬಂತು," ಎಂದಿತು ಕಡವೆ. "ಕೆಳಗಿನ ಕಾಡಿಂದ ಇನ್ನೊಂದು ಗಂಡಿನ ಕೂಗು ಕೇಳಿಸ್ತು. ಅಂಥ ದನಿ ನನ್ನ ಜನ್ಮದಲ್ಲೇ ಕೇಳಿರ್ಲಿಲ್ಲ. ಇವತ್ತು ಇವನೋ ನಾನೋ ಅಂತ ಕೊಂಬು ತಗ್ಗಿಸ್ಕೊಂಡು ಇಳಿದು ಬಂದೆ."

ದೊಂಡುಕ ಕೆಮ್ಮಿದ. ಬೆಂಕಿ ಆರುತ್ತಿದೆ, ಸೌದೆ ತರಲೇ ಎಂದು ಕೇಳಿದ. ಯಾರೂ ಅವನ ಕಡೆ ತಿರುಗಲಿಲ್ಲ.

"ಬಂದು ನೋಡಿದ್ರೆ ಗಂಡೂ ಇಲ್ಲ, ಕೊಂಬೂ ಇಲ್ಲ. ದೊಂಡುಕ ಅಂಗಾತ ಬಿದ್ಕೊಂಡು, ಬಾಯಿ ತೆಕ್ಕೊಂಡು ಗೊರಕೆ ಹೊಡೀತಿದ್ದ. ಇದೇನಪ್ಪಾ ಅಂತ ಬಗ್ಗಿ ನೋಡ್ತಾ ನಿಂತೆ. ಅಷ್ಟರಲ್ಲಿ ಅವನ ಹೆಂಡ್ತಿ ಬಂದ್ಲು."

ತಾನು ಮಲಗಿದ್ದು ದೊಂಡುಕನಿಗೆ ಗೊತ್ತಿತ್ತು. ತನ್ನ ಗೊರಕೆಯೇ ಕಡವೆಯನ್ನು ಕರೆತಂದದ್ದು ಅವನಿಗೂ ಗೊತ್ತಿರಲಿಲ್ಲ, ಸೆಂದೆನ್ಮಾಗೂ ಗೊತ್ತಿರಲಿಲ್ಲ. ಅದು ಕಡವೆಯೊಂದಕ್ಕೇ ಗೊತ್ತಿರಬಹುದಾದ ಸಂಗತಿ. ಮೊದಲು ಒಬ್ಬಳು ಮುದುಕಿ ಕಿಸಕ್ಕೆಂದಳು, ಆಮೇಲೆ ಗುಡಾರಕ್ಕೆ ಗುಡಾರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಾಳುತನ ಕೈತಪ್ಪಿತೆಂದು ದೊಂಡುಕನಿಗೆ ಅಳುವೇ ಬಂದಂತಾಗಿ ಸೆದಿಪ್ ತಾತನ ಕಡೆ ನೋಡಿದ.

ತಾತ ನಗುತ್ತಿರಲಿಲ್ಲ. ಗಡ್ಡ ಕೆರೆಯುತ್ತ ಏನೋ ಲೆಕ್ಕ ಹಾಕುತ್ತಿದ್ದ. ಮರದ ತೊಗಟೆಯ ಕಹಳೆಯಲ್ಲಿ ಕಡವೆಯ ಕೂಗು ಕೂಗಿ ಕೂಗಿ ತನ್ನ ಕೆನ್ನೆ ಜೋತುಬಿದ್ದರೂ, ಈಚೆಗೆ ಒಂದು ಗಂಡೂ ಮೋಸಹೋಗಿ ಹತ್ತಿರ ಬಂದದ್ದಿಲ್ಲ ಎಂದು ಸಭೆಗೆ ಜ್ಞಾಪಿಸಿದ. ಆಮೇಲೆ ಸೆಂದೆನ್ಮಾಳ ಕಡೆ ತಿರುಗಿದ.

"ಈ ಸಲದಿಂದ ನೀನೇ ಮುಂದಾಳು ಕಣವ್ವಾ. ಬಂದೂಕು ನಿನ್ನ ಕೈಲಿರ್ಲಿ. ದೊಂಡುಕನ್ನೂ ಕರ್ಕೊಂಡು ಬಾ, ಅವನು ಇಲ್ದೆ ಆಗಲ್ಲ. ಒಂದು ದಿಂಬು ಇಟ್ಕೊಂಡು ಬರ್ಲಿ."

ಇಷ್ಟು ದಿನ ತುಟಿ ಬಿಗಿದಿದ್ದ ಸೆಂದೆನ್ಮಾ ಆಗ ಬಾಯಿ ತೆರೆದಳು.

"ದಿಂಬು ಬೇಡ ತಾತ. ತಲೆ ಎತ್ತರ ಆದ್ರೆ ಅವ್ರ ದನಿ ಇಳಿದುಬಿಡುತ್ತೆ."