ರಾಣಿಯ ಕೆನ್ನೆ

ಅಪ್ಪ ಕೂಡಿಟ್ಟಿದ್ದ, ರಾಣಿಯ ಮುಖವಿದ್ದ ಹದಿನಾಲ್ಕು ಬೆಳ್ಳಿ ನಾಣ್ಯ ಮಾರಿದರೆ ಮಾತ್ರ ಹೆಂಡತಿಯ ಮಂಡಿಗೆ ಆಪರೇಷನ್ ಎಂಬ ಸ್ಥಿತಿ ದೊರೆಸ್ವಾಮಿಯದು. ನಾಣ್ಯದ ವ್ಯಾಪಾರಿ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ, "ಎರಡು ಲಕ್ಷ ಕೊಡ್ತೀನಿ. ನಾಳೆ ತನ್ನಿ, ಒಳಗೆ ತೂಕ ಹಾಕಿ ದುಡ್ಡು ಕೊಟ್ಬಿಡ್ತೀನಿ" ಎಂದ. ಚೌಕಾಶಿಯೇ ಇಲ್ಲದೆ ಅಷ್ಟು ಬೆಲೆ ಹೇಳಿದವನ ಮೇಲೆ ದೊರೆಸ್ವಾಮಿಗೆ ಆಗಲೇ ಗುಮಾನಿ ಹುಟ್ಟಿತು.

"ಒಳಗೆ ಯಾಕಂತೆ?" ಎಂದಳು ಹೆಂಡತಿ, ಮಂಡಿ ನೀವಿಕೊಳ್ಳುತ್ತ. "ನಮ್ಮದನ್ನ ಇಟ್ಕೊಂಡು, ನಕಲಿ ತಂದು ಕೈಗಿಟ್ಟು, ಬೇಡ ಹೋಗಿ ಅಂದ್ರೆ?"

"ನಾನೇನು ನಿಮ್ಮಣ್ಣನೇನೇ, ಮೋಸ ಹೋಗೋಕೆ?" ಎಂದವನೇ ದಬ್ಬಣ ತಂದು ಹದಿನಾಲ್ಕೂ ರಾಣಿಯರ ಕೆನ್ನೆಗೆ ಒಂದೊಂದು ಗೀರು ಎಳೆದ. "ಈಗ ಬದಲಾಯಿಸಲಿ, ನೋಡೇಬಿಡೋಣ."

ಮರುದಿನ ವ್ಯಾಪಾರಿ ನಾಣ್ಯಗಳನ್ನು ಒಳಗೊಯ್ದವನು ಬೇಗನೇ ಹೊರಬಂದ. ದೊರೆಸ್ವಾಮಿ ಕಸಿದುಕೊಂಡು ನೋಡಿದ. ಹದಿನಾಲ್ಕರಲ್ಲೂ ಗೀರಿತ್ತು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ಕೊಂಚ ನಾಚಿಕೆಯೂ ಆಯಿತು.

"ಎಲ್ಲ ಸರಿಯಾಗಿದೆ. ದುಡ್ಡು ಕೊಡಿ."

"ಯಾವ ದುಡ್ಡು ಸ್ವಾಮಿ? ಒಂದು ಗೀರೂ ಇಲ್ಲ ಅಂತಲೇ ನಿನ್ನೆ ಅಷ್ಟು ಬೆಲೆ ಹೇಳಿದ್ದು. ಆ ಅಸಲಿ ನಾಣ್ಯಗಳನ್ನ ಮನೇಲಿಟ್ಟು, ಇದ್ಯಾವುದನ್ನ ತಂದಿದೀರಿ?"