ಡಬ್ಬಿಯಲ್ಲಿಲ್ಲದ ಸೂಜಿಗಳು

“ಯಜಮಾನ್ರೇ, ನಿಮ್ಮ ಕಾರ್ಡಲ್ಲಿ ಇದು ಇಲ್ವಲ್ಲ?”

ಸೋಫಿಯಾ ವಿಮಾನ ನಿಲ್ದಾಣದ ತಪಾಸಣೆಯ ಹೆಂಗಸು ಎಕ್ಸ್‌ರೇ ಪರದೆಯನ್ನು ಲ್ಯುಬೆನ್‌ನತ್ತ ತಿರುಗಿಸಿದಳು. ಪ್ಯಾರಾಚೂಟ್ ಚೀಲವನ್ನು ಅವನು ಎಂದೂ ಲಗೇಜಿಗೆ ಹಾಕಿದವನಲ್ಲ. ಒಳಗಿನ ಲೋಹವೆಲ್ಲ ಹೇಗೆ ಕಾಣುತ್ತದೆಂಬ ಚಿತ್ರವಿರುವ ಕಾರ್ಡು ತೋರಿಸಿ, “ಬಿಚ್ಚೋ ಹಾಗಿಲ್ಲಮ್ಮ, ನಾನೇ ಮಡಚಿ ಸೀಲ್ ಹಾಕಿರೋದು” ಎಂದು ಗತ್ತಿನಿಂದ ದಾಟಿಹೋಗುತ್ತಿದ್ದ. ಇಂದೂ ಹಾಗೇ ಅಂದಿದ್ದ.

ಪರದೆಯಲ್ಲಿ ಬೆರಳುದ್ದದ ಉಕ್ಕಿನ ಸೂಜಿಯೊಂದು ಮೀಸಲು ಪ್ಯಾರಾಚೂಟಿನ ಕುಣಿಕೆಯೊಳಗೆ ತೂರಿ ಕೂತಿತ್ತು. ಮಡಚುವಾಗ ಕುಣಿಕೆ ಜಾರದಂತೆ ಸಿಕ್ಕಿಸಿ, ಕೊನೆಗೆ ಎಳೆದುಬಿಡಬೇಕಾದ ಸೂಜಿ. ದೊಡ್ಡ ಪ್ಯಾರಾಚೂಟ್ ಕೈಕೊಟ್ಟ ದಿನ, ಇದಿದ್ದರೆ ಹಿಡಿಯನ್ನು ಎಷ್ಟು ಜಗ್ಗಿದರೂ ಮೀಸಲಿನದು ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಬೆನ್ನಿಗೆ ಕಟ್ಟಿಕೊಂಡು ಅವನು ನಲವತ್ತು ಸಲ ಹಾರಿದ್ದ.

“ತೆಗೆಯೋದು ಮರೆತಿದೀನಿ,” ಎಂದ.

“ಪುಣ್ಯ, ಈಗ್ಲಾದ್ರೂ ಸಿಕ್ತಲ್ಲ!”

ಅವನಿಗೆ ಕೇಳಿಸಲಿಲ್ಲ. ಚಳಿಗಾಲದಲ್ಲಿ ಒಂದೇ ಮಧ್ಯಾಹ್ನ ಅವನು ಎರಡು ಮೀಸಲು ಪ್ಯಾರಾಚೂಟು ಮಡಚಿದ್ದ, ತನ್ನದು ಮತ್ತು ಮಗಳು ನೇದಾಳದು. ಮರುದಿನ ಡಬ್ಬಿಯಲ್ಲಿ ಎರಡು ಸೂಜಿ ಕಡಿಮೆಯಿದ್ದವು. “ಎಲ್ಲಿ ಬಿಸಾಕಿದ್ಯೇ?” ಎಂದು ಅವಳ ಮೇಲೆಯೇ ಹರಿಹಾಯ್ದಿದ್ದ. “ಬೇರೆ ತಗೊಳಪ್ಪ, ಸೂಜಿಗೇನು ಬರ!” ಎಂದು ಅವಳು ನಕ್ಕಿದ್ದಳು.

ಅವಳ ನಂಬರು ಒತ್ತಿದ. ಎತ್ತಿದವನು ಹಾರುವ ಮೈದಾನದ ಸ್ತೋಯಾನ್.

“ಫೋನು ಇಲ್ಲೇ ಬಿಟ್ಟು ಮೇಲಕ್ಕೆ ಹೋದ್ಲು ಲ್ಯುಬೆನಣ್ಣ. ಅಗೋ, ಈಗ್ತಾನೇ ಹಾರಿದ್ಲು. ಒಂದ್ನಿಮಿಷ ಇರು, ಪ್ಯಾರಾಚೂಟ್ ಬಿಚ್ಕೊಂಡ ತಕ್ಷಣ ಹೇಳ್ತೀನಿ.”

ಲ್ಯುಬೆನ್ ಗೋಡೆಯ ಗಡಿಯಾರ ನೋಡುತ್ತ ನಿಂತ. ನಿಮಿಷ ಕಳೆಯಿತು. ಎರಡಾಯಿತು. ಸ್ತೋಯಾನ್ ಏನೂ ಹೇಳಲಿಲ್ಲ.